ಫಾಂಗ್‌ಜಿ ಬೇರಿನ ಪರೀಕ್ಷೆ: ಟೆಟ್ರಾಂಡ್ರೀನ್ ಇದೆಯೇ, ಅರಿಸ್ಟೊಲೋಕಿಕ್ ಆಮ್ಲ ಸೇರಿದೆಯೇ?

ಚೀನೀ ವೈದ್ಯಪದ್ಧತಿಯಲ್ಲಿ ‘ಫಾಂಗ್‌ಜಿ’ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಬೇರುಗಳು ಬಹುಕಾಲ ಬಳಕೆಯಲ್ಲಿದ್ದವು. ಹಾನ್ ಫಾಂಗ್‌ಜಿ ಎಂಬುದು ಸ್ಟೆಫಾನಿಯಾ ಟೆಟ್ರಾಂಡ್ರಾ ಬಳ್ಳಿಯ ಬೇರು. ನಮ್ಮ ಅಮೃತಬಳ್ಳಿಯೂ ಇದೇ ಕುಟುಂಬದ್ದು. ಗ್ವಾಂಗ್ ಫಾಂಗ್‌ಜಿ ಎಂಬುದು ಅರಿಸ್ಟೊಲೋಕಿಯಾ ಫಾಂಗ್‌ಚಿಯ ಬೇರು. ಅದು ನಮ್ಮ ಈಶ್ವರಿ ಬಳ್ಳಿಯ ಕುಲಕ್ಕೆ ಸೇರಿದ್ದು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಔಷಧಿಯೊಳಗೆ ಮೊದಲನೆಯದರ ಜಾಗದಲ್ಲಿ ಎರಡನೆಯದು ಸೇರಿಹೋಗಿ, ಅದನ್ನು ಸೇವಿಸಿದ ಹಲವು ಮಹಿಳೆಯರ ಮೂತ್ರಪಿಂಡಗಳು ವಿಫಲವಾದವು. ಒಣಗಿಸಿ ಪುಡಿಮಾಡಿದ ಮೇಲೆ ಎರಡನ್ನೂ ಬರಿಗಣ್ಣಿನಿಂದ ಪ್ರತ್ಯೇಕಿಸುವುದು ಕಷ್ಟವಾದ್ದರಿಂದ ರಾಸಾಯನಿಕ ಪರೀಕ್ಷೆ ಬೇಕಾಗುತ್ತದೆ.

ಪರೀಕ್ಷೆಗೆ ತೊಡಗುವ ಮುನ್ನ ಒಂದು ವಿಷಯ ಸ್ಪಷ್ಟವಿರಬೇಕು. ಹಾನ್ ಫಾಂಗ್‌ಜಿಯಲ್ಲಿ ಇರಬೇಕಾದ ಟೆಟ್ರಾಂಡ್ರೀನ್ ಎಂಬ ವಸ್ತು ಇದೆಯೇ ಎಂಬುದು ಒಂದು ಪ್ರಶ್ನೆ, ಗ್ವಾಂಗ್ ಫಾಂಗ್‌ಜಿಯಿಂದ ಬರುವ, ಇರಬಾರದ ಅರಿಸ್ಟೊಲೋಕಿಕ್ ಆಮ್ಲವೆಂಬ ವಿಷ ಇಲ್ಲವೇ ಎಂಬುದು ಬೇರೊಂದು ಪ್ರಶ್ನೆ. ಅಸಲಿ ಬೇರಿನ ಪುಡಿಗೆ ಕಲಬೆರಕೆ ಸ್ವಲ್ಪವೇ ಸೇರಿದ್ದರೂ ಮೊದಲ ಪ್ರಶ್ನೆಗೆ ‘ಹೌದು’ ಎಂಬ ಉತ್ತರವೇ ಬರುತ್ತದೆ.

ಬೇರನ್ನು ನುಣ್ಣಗೆ ಪುಡಿಮಾಡಿ, ಜರಡಿ ಹಿಡಿದು, ಚೆನ್ನಾಗಿ ಬೆರೆಸಿ ಎರಡು ಪಾಲು ಮಾಡಿರಿ. ಅರಿಸ್ಟೊಲೋಕಿಕ್ ಆಮ್ಲದ ಪರೀಕ್ಷೆಗೆಂದು 1 ಗ್ರಾಂ ಪುಡಿಯನ್ನು ಸ್ವಲ್ಪ ಫಾರ್ಮಿಕ್ ಆಮ್ಲ ಬೆರೆಸಿದ 70% ಮೆಥನಾಲ್‌ನಲ್ಲಿ ಹಾಕಿ, ಮುಚ್ಚಿದ ಫ್ಲಾಸ್ಕನ್ನು ತೂಗಿ, ಅರ್ಧ ಗಂಟೆ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿಡಿ. ತಣ್ಣಗಾದ ಮೇಲೆ ಮತ್ತೆ ತೂಗಿ, ಆವಿಯಾದಷ್ಟು ದ್ರಾವಕವನ್ನು ತುಂಬಿಸಿ ಸೋಸಬೇಕು. ಟೆಟ್ರಾಂಡ್ರೀನ್ ಆಲ್ಕಲಾಯ್ಡ್, ಅಂದರೆ ಗಿಡಗಳಲ್ಲಿರುವ ಸಾರಜನಕಯುಕ್ತ ಕ್ಷಾರೀಯ ವಸ್ತು, ಆದ್ದರಿಂದ ಇನ್ನೊಂದು ಪಾಲನ್ನು ಅಮೋನಿಯಾದಿಂದ ಕ್ಷಾರೀಯಗೊಳಿಸಿ ಕ್ಲೋರೋಫಾರ್ಮ್‌ನಲ್ಲಿ ಪ್ರತ್ಯೇಕವಾಗಿ ತೆಗೆಯುವುದು ಲೇಸು. ಅರಿಸ್ಟೊಲೋಕಿಕ್ ಆಮ್ಲ ಕ್ಯಾನ್ಸರ್‌ಕಾರಕವಾದುದರಿಂದ ಅದರ ಮಾನಕ ಪುಡಿಯನ್ನು (ಹೋಲಿಕೆಗೆಂದು ಇಟ್ಟ ಶುದ್ಧ ಮಾದರಿಯನ್ನು) ಕೈಗವಸು ಹಾಕಿಕೊಂಡೇ ಮುಟ್ಟಬೇಕು. ದ್ರಾವಕಗಳ ಕೆಲಸವೆಲ್ಲ ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್‌ನೊಳಗೇ ನಡೆಯಬೇಕು.

ಮೊದಲ ಜಾಲಾಟಕ್ಕೆ ತೆಳುಪದರ ವರ್ಣರೇಖನ, ಅಂದರೆ ಟಿಎಲ್‌ಸಿ, ಸಾಕು; ಪ್ಲೇಟಿನ ಮೇಲೆ ದ್ರಾವಕ ಏರುತ್ತಾ ಹೋದಂತೆ ವಸ್ತುಗಳು ಬೇರೆ ಬೇರೆ ಚುಕ್ಕೆಗಳಾಗಿ ಬೇರ್ಪಡುತ್ತವೆ. ಟಾಲೂಯಿನ್, ಈಥೈಲ್ ಅಸಿಟೇಟ್, ನೀರು ಮತ್ತು ಫಾರ್ಮಿಕ್ ಆಮ್ಲವನ್ನು 20:10:1:1 ಪ್ರಮಾಣದಲ್ಲಿ ಕುಲುಕಿ, ಪದರಗಳು ಬೇರ್ಪಟ್ಟ ಮೇಲೆ ಮೇಲಿನದನ್ನಷ್ಟೇ ಬಳಸಿರಿ. ಸಿಲಿಕಾ ಪ್ಲೇಟಿನ ಮೇಲೆ ಮಾದರಿ, ಮಾನಕ ಮತ್ತು ಬರಿಯ ದ್ರಾವಕ, ಈ ಮೂರನ್ನೂ ಅಕ್ಕಪಕ್ಕ ಹಾಕಬೇಕು. ಅರಿಸ್ಟೊಲೋಕಿಕ್ ಆಮ್ಲಕ್ಕೆ ತನ್ನದೇ ಹಳದಿ ಬಣ್ಣವಿದ್ದರೂ, ಗಿಡಗಳಲ್ಲಿ ಹಳದಿ ವಸ್ತುಗಳಿಗೇನು ಬರವೇ? ಅದನ್ನಷ್ಟೇ ನಂಬುವಂತಿಲ್ಲ. ಒಣಗಿದ ಪ್ಲೇಟಿಗೆ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿದ ಸ್ಟ್ಯಾನಸ್ ಕ್ಲೋರೈಡ್ ಸಿಂಪಡಿಸಿ, 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಕಾಯಿಸಿ, 365 ನ್ಯಾನೊಮೀಟರ್ ದೀಪದಡಿ ಹಿಡಿದರೆ ಹಳದಿ ಚುಕ್ಕೆಯಿದ್ದಲ್ಲೇ ಹಸಿರುಮಿಶ್ರಿತ ನೀಲಿ ಹೊಳಪು ಏಳುತ್ತದೆ. ಆಮ್ಲದ ನೈಟ್ರೋ ಗುಂಪು ಅಪಕರ್ಷಣೆಗೊಂಡು, ಅಣು ಪ್ರತಿದೀಪ್ತಿಯುಳ್ಳ ಲ್ಯಾಕ್ಟಮ್ ಆಗಿ ಮಾರ್ಪಡುವುದೇ ಇದಕ್ಕೆ ಕಾರಣ. ಕ್ಲೋರೋಫಾರ್ಮ್ ಸಾರವನ್ನು ಹಾಕಿದ ಇನ್ನೊಂದು ಪ್ಲೇಟಿಗೆ, ಆಲ್ಕಲಾಯ್ಡ್‌ಗಳನ್ನು ಗುರುತಿಸುವ ಡ್ರಾಗೆನ್‌ಡಾರ್ಫ್ ದ್ರಾವಣ ಸಿಂಪಡಿಸಿದರೆ ಟೆಟ್ರಾಂಡ್ರೀನ್ ಕಿತ್ತಳೆ ಚುಕ್ಕೆಯಾಗಿ ಕಾಣುತ್ತದೆ.

ಚುಕ್ಕೆ ಕಾಣದಿದ್ದರೂ ಎಚ್‌ಪಿಎಲ್‌ಸಿ, ಅಂದರೆ ದ್ರಾವಣವನ್ನು ಒತ್ತಡದಲ್ಲಿ ಕಾಲಮ್ ಮೂಲಕ ಹರಿಸಿ ವಸ್ತುಗಳನ್ನು ಬೇರ್ಪಡಿಸುವ ವರ್ಣರೇಖನ, ಮಾಡಿಯೇ ತೀರಬೇಕು. ಸಿ18 ಕಾಲಮ್, ಅಸಿಟೋನೈಟ್ರೈಲ್ ಮತ್ತು 0.1% ಫಾರ್ಮಿಕ್ ಆಮ್ಲವಿರುವ ನೀರು, ಡಯೋಡ್ ಅರೇ ಡಿಟೆಕ್ಟರ್, ಇಷ್ಟಿದ್ದರೆ ಶಿಖರ ಹೊರಬರುವ ಸಮಯವನ್ನೂ ಅದರ ರೋಹಿತವನ್ನೂ (ಯಾವ ತರಂಗದ ಬೆಳಕನ್ನು ಎಷ್ಟು ಹೀರುತ್ತದೆಂಬ ನಕ್ಷೆಯನ್ನೂ) ಮಾನಕದೊಡನೆ ಹೋಲಿಸಬಹುದು. ಈ ಆಮ್ಲದ ಮುಖ್ಯ ರೂಪಗಳು ಎರಡು; ಒಂದನೇ ಅರಿಸ್ಟೊಲೋಕಿಕ್ ಆಮ್ಲದ ರೋಹಿತದಲ್ಲಿ 250, 318 ಮತ್ತು 390 ನ್ಯಾನೊಮೀಟರ್ ಆಸುಪಾಸಿನಲ್ಲಿ ಉಬ್ಬುಗಳಿರುತ್ತವೆ. ಸಮಯ ಮಾತ್ರ ಹೊಂದಿ ರೋಹಿತ ಹೊಂದದಿದ್ದರೆ ಅದು ಬೇರೆ ವಸ್ತುವೆಂದೇ ತಿಳಿಯಿರಿ.

ಕೊನೆಯ ಖಾತ್ರಿಗೆ ಅಣುಗಳನ್ನು ಅವುಗಳ ದ್ರವ್ಯರಾಶಿಯಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಇದೆ; ಕೆಳಗಿನ ಅಂಕಿಗಳು ಅದು ತೋರಿಸುವ ದ್ರವ್ಯರಾಶಿ ಮತ್ತು ವಿದ್ಯುದಂಶದ ಅನುಪಾತಗಳು (m/z). ಚಲಿಸುವ ದ್ರಾವಕಕ್ಕೆ ಅಮೋನಿಯಂ ಲವಣ ಸೇರಿಸಿದರೆ ಒಂದನೇ ಆಮ್ಲ 359ರಲ್ಲಿ ಕಾಣಿಸಿಕೊಂಡು, ಒಡೆದಾಗ 298ರ ತುಣುಕನ್ನು ಕೊಡುತ್ತದೆ. ಎರಡನೇ ಆಮ್ಲದಲ್ಲಿ ಇದೇ ಜೋಡಿ 329 ಮತ್ತು 268. ಟೆಟ್ರಾಂಡ್ರೀನ್ 623ರಲ್ಲಿಯೂ ಅದರ ಒಡನಾಡಿ ಫಾಂಗ್‌ಚಿನೋಲಿನ್ 609ರಲ್ಲಿಯೂ ಬರುತ್ತವೆ.

ಯಾವ ಶಿಖರವೂ ಬಾರದಿದ್ದಾಗ, ಅದೇ ಪುಡಿಯ ಇನ್ನೊಂದು ತೂಕಕ್ಕೆ ಗೊತ್ತಿರುವಷ್ಟು ಆಮ್ಲವನ್ನು ಬೇಕೆಂದೇ ಸೇರಿಸಿ ಮೊದಲಿನಿಂದ ಇಡೀ ಪರೀಕ್ಷೆಯನ್ನು ನಡೆಸಿರಿ. ಸೇರಿಸಿದ್ದೂ ಸಿಗದಿದ್ದರೆ ದೋಷ ವಿಧಾನದಲ್ಲಿದೆ. ಸಿಕ್ಕಿದರೆ ಮಾತ್ರ ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದು ಬರೆದು, ಎಷ್ಟು ಮೈಕ್ರೋಗ್ರಾಂವರೆಗೆ ಹುಡುಕಬಲ್ಲಿರೆಂಬ ಮಿತಿಯನ್ನೂ ಅದೇ ಸಾಲಿನಲ್ಲಿ ನಮೂದಿಸಿರಿ.