ಬ್ಯಾಂಕಿನ ಸಿಮ್ ಈಗ ಬಟನ್ ಫೋನಿನಲ್ಲಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಅಡಿಕೆ ತೋಟ. ಕಾರಿನ ನಂಬರು ಕೆಎಲ್ 14ರದ್ದು. ಆಸ್ಪತ್ರೆ, ಮದುವೆ ಅಂತ ತಿಂಗಳಿಗೆ ಎರಡು ಸಲವಾದರೂ ತಲಪಾಡಿಯ ಗಡಿ ದಾಟಿ ಮಂಗಳೂರಿಗೆ ಹೋಗುವುದು ಉಂಟು. ಹಾಗಾಗಿ ಕಾರಿಗೆ ದಂಡ ಬಿದ್ದಿದೆ ಅಂತ ವಾಟ್ಸಾಪಿನಲ್ಲಿ ಬಂದಾಗ ಅನುಮಾನವೇ ಬರಲಿಲ್ಲ. ಬಂದದ್ದು ಭಾವನ ನಂಬರಿನಿಂದ. ಇದ್ದದ್ದು ಮಲಯಾಳದಲ್ಲಿ. ನನಗೆ ಮಲಯಾಳ ಮಾತಾಡಲು ಬರುತ್ತದೆ, ಓದುವುದು ಮಾತ್ರ ಅಕ್ಷರ ಕೂಡಿಸಿ ಕೂಡಿಸಿ. ಅರ್ಧ ಓದಿ ಬೇಜಾರಾಗಿ ಕೆಳಗಿದ್ದ ಫೈಲನ್ನು ಒತ್ತಿಬಿಟ್ಟೆ.

ಫೈಲಿನ ಹೆಸರಿನ ಬಾಲದಲ್ಲಿ ಎಪಿಕೆ ಅಂತಿತ್ತು. ಅಂದರೆ ಅದು ಚಲನ್ ಅಲ್ಲ, ಆ್ಯಪ್. ಹಾಕಬೇಡ ಅಂತ ಫೋನು ಎಚ್ಚರಿಸಿತ್ತು ಕೂಡ. ನಾನೇ ಒಪ್ಪಿಗೆ ಒತ್ತಿದೆ. ಆಮೇಲೆ ಎಸ್ಸೆಮ್ಮೆಸ್ ಓದಲು ಅನುಮತಿ ಕೇಳಿತು, ಕೊಟ್ಟೆ. ಎಲ್ಲ ಇರುವುದು ಅಲ್ಲೇ. ಒಟಿಪಿ ಯಾರಿಗೂ ಹೇಳಬಾರದು ಅಂತ ನಮಗೆಲ್ಲ ಬಾಯಿಪಾಠ, ಅಲ್ವಾ? ನಾನೂ ಯಾರಿಗೂ ಹೇಳಲಿಲ್ಲ. ನನ್ನ ಫೋನೇ ಅವರಿಗೆ ಕಳಿಸುತ್ತಿತ್ತು. ಭಾವನ ಫೋನಿಗೂ ಹೀಗೇ ಹೊಕ್ಕು, ಅವನ ಹೆಸರಲ್ಲಿ ನೆಂಟರಿಗೆಲ್ಲ ಹಂಚಿತ್ತು.

ಸಂಜೆ ಗೊಬ್ಬರದ ಅಂಗಡಿಗೆ ದುಡ್ಡು ಕಳಿಸಲು ನೋಡಿದರೆ ಖಾತೆಯಲ್ಲಿ 9,800 ರೂಪಾಯಿ ಕಡಿಮೆ. ಫೋನನ್ನು ಫ್ಲೈಟ್ ಮೋಡಿಗೆ ಹಾಕಿದೆ. ಹೆಂಡತಿಯ ಫೋನಿನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದೆ, ಬ್ಯಾಂಕಿಗೂ ಹೇಳಿ ಖಾತೆ ತಡೆಸಿದೆ. ಸ್ವಲ್ಪ ಹಣ ದಾರಿಯಲ್ಲೇ ನಿಂತಿತು, ಉಳಿದದ್ದು ಹೋಯಿತು. ಫೋನನ್ನು ಪೂರ್ತಿ ರೀಸೆಟ್ ಮಾಡಬೇಕಾಯಿತು. ಅಡಿಕೆಗೆ ಮದ್ದು ಬಿಟ್ಟವರ ಸಂಬಳದ ಲೆಕ್ಕವೆಲ್ಲ ಅದರಲ್ಲೇ ಇತ್ತು. ಹಣಕ್ಕಿಂತ ಜಾಸ್ತಿ ತಲೆನೋವಾದದ್ದು ಅದು.

ಆಮೇಲೆ ಮಾಡಿದ ದೊಡ್ಡ ಕೆಲಸ ಒಂದೇ. ಅಡಿಕೆ ಮಾರಿದ ಹಣ ಬೀಳುವ ಖಾತೆಯಿಂದ ಯುಪಿಐ ತೆಗೆಸಿದೆ. ಅದರ ಸಿಮ್ಮನ್ನು ಹಳೆಯ ಬಟನ್ ಫೋನಿಗೆ ಹಾಕಿ ಬೀರುವಿನಲ್ಲಿಟ್ಟೆ. ಒಟಿಪಿ ಅಲ್ಲಿಗೇ ಬರುತ್ತದೆ, ಅಲ್ಲಿ ಎಪಿಕೆಯ ಆಟ ನಡೆಯುವುದಿಲ್ಲ. ದಿನದ ಖರ್ಚಿಗೆ ಬೇರೆ ನಂಬರು, ಬೇರೆ ಸಣ್ಣ ಖಾತೆ. ಅದರಲ್ಲಿ ನಾಲ್ಕೈದು ಸಾವಿರ ಮಾತ್ರ. ಯುಪಿಐ ಇರುವುದು ಅದಕ್ಕೆ. ಹೋದರೆ ಅಷ್ಟೇ ಹೋಗಲಿ. ಎರಡು ಫೋನ್ ಯಾಕೆ ಅಂತ ಮನೆಯಲ್ಲಿ ನಗುತ್ತಾರೆ, ನಗಲಿ.

ವಾಟ್ಸಾಪಿಗೆ ಆರು ಅಂಕಿಯ ಪಿನ್ ಹಾಕಿದೆ, ಎರಡು ನಿಮಿಷದ ಕೆಲಸ. ಬಟನ್ ಫೋನಿನ ಸಿಮ್ಮಿಗೂ ಪಿನ್ ಉಂಟು. ಮೂರು ಸಲ ತಪ್ಪಿದರೆ ಪಿಯುಕೆ, ಅಂದರೆ ಸಿಮ್ಮಿನ ಬೀಗ ತೆಗೆಯುವ ಕೋಡ್ ಕೇಳುತ್ತದೆ, ಅದನ್ನು ಮೊದಲೇ ಬರೆದಿಟ್ಟುಕೊಂಡೆ. ದಂಡದ ಸುದ್ದಿ ಬಂದರೆ ಈಗ ಸಾರಿಗೆ ಇಲಾಖೆಯ ಪರಿವಾಹನ್ ಸೈಟಿನ ವಿಳಾಸ ನಾನೇ ಟೈಪ್ ಮಾಡಿ, ಕಾರಿನ ನಂಬರು ಹಾಕಿ ನೋಡುತ್ತೇನೆ. ಅರ್ಧ ಅರ್ಥವಾದ ಮಲಯಾಳದ ಮೆಸೇಜನ್ನು ಒತ್ತುವುದಿಲ್ಲ. ಕಳಿಸಿದವರಿಗೇ ಕರೆ ಮಾಡುತ್ತೇನೆ. "ಭಾವ, ಇದು ನೀನೇ ಕಳಿಸಿದ್ದಾ?" ಅಂತ ಕೇಳಲು ಮೊದಮೊದಲು ನಾಚಿಕೆಯಾಗುತ್ತಿತ್ತು.

ಎಡವಟ್ಟಾದದ್ದು ಆಧಾರಿನಲ್ಲಿ. ಬೆರಳಚ್ಚು ಬಳಸಿ ಖಾತೆಯಿಂದ ಹಣ ತೆಗೆಯುವ ಮೋಸವೂ ಇರುವುದರಿಂದ ಅಮ್ಮನ ಆಧಾರಿನ ಬಯೋಮೆಟ್ರಿಕ್ ಲಾಕ್ ಮಾಡಿದೆ. ರೇಷನ್ ಅಂಗಡಿಯ ಮೆಷಿನ್ನಿಗೂ ಅದೇ ಬೆರಳು ಬೇಕು ಅನ್ನುವುದು ಮರೆತೇಹೋಗಿತ್ತು. ಈಗ ಅಮ್ಮ ಅಂಗಡಿ ಮುಟ್ಟಿ ಫೋನ್ ಮಾಡುತ್ತಾರೆ, ನಾನು ಬೀಗ ತೆಗೆಯುತ್ತೇನೆ. ಸ್ವಲ್ಪ ಹೊತ್ತಿನಲ್ಲಿ ಬೀಗ ತಾನೇ ಮತ್ತೆ ಬೀಳುತ್ತದೆ. ಕಳೆದ ಸಲ ನಾನು ತೋಟದ ತಗ್ಗಿನಲ್ಲಿದ್ದೆ, ಸಿಗ್ನಲ್ ಇರಲಿಲ್ಲ. ಅಮ್ಮ ಖಾಲಿ ಚೀಲ ಹಿಡಿದು ವಾಪಸು ಬಂದರು. "ನಿನ್ನ ಬೀಗಕ್ಕೆ ಕಳ್ಳ ಹೆದರಿದನೋ ಇಲ್ಲವೋ, ಅಕ್ಕಿಯಂತೂ ಬರಲಿಲ್ಲ" ಅಂದರು.