ಸಾಕ್ ಸೆವೆನ್ ಬಂದಾಗ ಕೆಟ್ಟ ರೆಕಾರ್ಡ್ ಹುಡುಕುವುದು ಹೇಗೆ

ಸಾಕ್ ಸೆವೆನ್ (S0C7) ಅಂದರೆ ಲೆಕ್ಕ ಮಾಡುವ ಫೀಲ್ಡಿನಲ್ಲಿ ಅಂಕಿಯಲ್ಲದ್ದು ಸಿಕ್ಕಿ ಮೇನ್‌ಫ್ರೇಮ್ ಪ್ರೋಗ್ರಾಮ್ ನಡುವೆಯೇ ಬಿದ್ದುಹೋಗುವ ಅಬೆಂಡ್. ಅಮೆರಿಕದವರ ರಾತ್ರಿ ಬ್ಯಾಚ್ ಅಂದರೆ ನಮಗೆ ತಿಂಡಿ ಹೊತ್ತು. ಅವತ್ತು ಕ್ಯಾಬ್ ಸಿಲ್ಕ್ ಬೋರ್ಡ್‌ನಲ್ಲಿ ಅಲ್ಲಾಡದೆ ನಿಂತಿತ್ತು. ಶಿಫ್ಟಿನ ಹುಡುಗ ಫೋನ್ ಮಾಡಿದ: "ಮೇಡಂ, ಪ್ರೀಮಿಯಂ ಜಾಬ್ ಸ್ಟೆಪ್ 40ರಲ್ಲಿ ಸಾಕ್ ಸೆವೆನ್. ವೆರಿಫೈ ಹಾಕಿದೆ, ರಿಟರ್ನ್ ಕೋಡ್ ಸೊನ್ನೆ, ತಪ್ಪಿಲ್ಲ ಅಂತ ಬಂತು. ಫೈಲ್ ಸರಿಯಾಗಿದೆ. ರೀಸ್ಟಾರ್ಟ್ ಕೊಡ್ಲಾ?"

"ಕೊಡ್ಬೇಡಪ್ಪ, ಬರ್ತೀನಿ ಇರು" ಅಂದೆ. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಆ ಅಬೆಂಡ್‌ನ ಹೆಸರು ಕೇಳಿದರೆ ಈಗಲೂ ಸಾಕಪ್ಪಾ ಸಾಕು ಅನಿಸುತ್ತದೆ.

ಹುಡುಗ ಹಾಕಿದ್ದು ಫೈಲ್ ನಿರ್ವಹಣೆಯ ಯುಟಿಲಿಟಿ ಐಡಿಕ್ಯಾಮ್ಸ್‌ನ (IDCAMS) ವೆರಿಫೈ. ಅದು ವಿಸ್ಯಾಮ್ (VSAM, ಮೇನ್‌ಫ್ರೇಮ್‌ನ ಒಂದು ಫೈಲ್ ವ್ಯವಸ್ಥೆ) ಫೈಲಿನ ಕೊನೆ ಎಲ್ಲಿದೆ ಎಂಬ ಕ್ಯಾಟಲಾಗ್ ಲೆಕ್ಕವನ್ನು ಸರಿಮಾಡುತ್ತದೆ, ಅಷ್ಟೇ. ರೆಕಾರ್ಡಿನ ಒಳಗೆ ಏನಿದೆ ಅಂತ ಇಣುಕುವುದೂ ಇಲ್ಲ. ನಮಗೆ ಬೇಕಾದ್ದು ಸಾರ್ಟ್ ಜೊತೆ ಬರುವ ಐಸ್‌ಟೂಲ್‌ನ (ICETOOL) ವೆರಿಫೈ, ಫೀಲ್ಡಿನ ಒಳಗಿನ ಅಂಕಿ, ಚಿಹ್ನೆ ನೋಡುವುದು ಅದು. ಹೆಸರು ಒಂದೇ, ಕೆಲಸ ಬೇರೆ. ಎಷ್ಟು ಜನ ಇಲ್ಲಿ ಜಾರಿ ಬಿದ್ದಿದ್ದಾರೋ!

ಇನ್ನೊಂದು ಮಾತು. ಅದಕ್ಕೂ ಮುಂಚಿನ ಸ್ಟೆಪ್‌ಗಳೆಲ್ಲ ಸೊನ್ನೆ ಕೊಟ್ಟಿದ್ದವು, ಹಾಗಾಗಿ ಪ್ರೋಗ್ರಾಮ್ ಮೇಲೇ ಅನುಮಾನ ಬರುವುದು ಸಹಜ. ಆದರೆ ಫೈಲ್ ಕಾಪಿ ಮಾಡುವ ಐಇಬಿಜೆನರ್, ರೆಪ್ರೊ ಎಲ್ಲ ಯಶವಂತಪುರ ಯಾರ್ಡಿನ ಹಮಾಲಿಗಳ ಥರ. ಮೂಟೆ ಇಳಿಸುವವರು ಅಕ್ಕಿಯಲ್ಲಿ ಕಲ್ಲಿದೆಯಾ ಅಂತ ನೋಡುತ್ತಾರಾ? ಸಾರ್ಟ್ ಕೂಡ ಬರೀ ಕಾಪಿ ಮಾಡುವಾಗ ಹಾಗೇ. ಸಮ್ ಮಾಡಿಸಿದರೆ ಮಾತ್ರ ಅಲ್ಲೇ ಅಬೆಂಡ್ ಆಗಬಹುದು, ಇಲ್ಲವೇ ತಪ್ಪು ಮೊತ್ತ ಬರಬಹುದು. ಎರಡನೆಯದೇ ನನಗೆ ಹೆಚ್ಚು ಭಯ. ಬಿದ್ದ ಜಾಬ್ ಕೂಗಿ ಹೇಳುತ್ತದೆ, ತಪ್ಪು ಮೊತ್ತ ಸುಮ್ಮನೆ ಮುಂದಿನ ಫೈಲಿಗೆ ಹೋಗಿ ಕೂರುತ್ತದೆ.

ಮೊದಲು ಕಾಪಿಬುಕ್ (ರೆಕಾರ್ಡಿನ ಲೇಔಟ್ ಬರೆದಿಟ್ಟದ್ದು) ತೆಗೆದು ಪ್ಯಾಕ್ಡ್, ಅಂದರೆ ಬೈಟಿಗೆ ಎರಡು ಅಂಕಿ ತುಂಬಿದ ಫೀಲ್ಡ್‌ಗಳ ಜಾಗ ಗುರುತು ಮಾಡಿಕೊಳ್ಳಿ. ನಮ್ಮದು ಒಂಬತ್ತು ಅಂಕಿಯ ಕಾಂಪ್-3 (ಕೋಬಾಲ್‌ನಲ್ಲಿ ಪ್ಯಾಕ್ಡ್‌ಗೆ ಇರುವ ಹೆಸರು) ಮೊತ್ತ, ಅದರಲ್ಲಿ ಎರಡು ಪೈಸೆಗೆ. ಒಂಬತ್ತು ಅಂಕಿ, ಒಂದು ಚಿಹ್ನೆ, ಒಟ್ಟು 5 ಬೈಟು. ಶುರು 21ನೇ ಬೈಟಿನಲ್ಲಿ. ಕೆಎಸ್‌ಡಿಎಸ್‌ಗೆ (ಕೀ ಇರುವ ವಿಸ್ಯಾಮ್ ಫೈಲ್) ತುಂಬಿದ ಮೂಲ ಫ್ಲ್ಯಾಟ್ ಫೈಲನ್ನೇ ಐಸ್‌ಟೂಲ್ ವೆರಿಫೈಗೆ ಕೊಟ್ಟು, ಆನ್‌ನಲ್ಲಿ (ON) 21, 5, ಪಿಡಿ (ಪ್ಯಾಕ್ಡ್ ಡೆಸಿಮಲ್) ಅಂತ ಬರೆಯಿರಿ. ಕೆಟ್ಟ ಪ್ರತಿ ಫೀಲ್ಡಿಗೂ ಐಸಿಇ618ಎ ಮೆಸೇಜ್ ಬರುತ್ತದೆ, ರೆಕಾರ್ಡ್ ನಂಬರ್ ಮತ್ತು ಹೆಕ್ಸ್ ಸಮೇತ. ಲಿಮಿಟ್ ಕೊಡದಿದ್ದರೆ 200ಕ್ಕೆ ನಿಲ್ಲುತ್ತದೆ. ವಿಬಿ (ರೆಕಾರ್ಡ್ ಉದ್ದ ಬದಲಾಗುವ) ಫೈಲಾದರೆ ರೆಕಾರ್ಡಿನ ಮುಂಭಾಗದಲ್ಲಿ ಅದರ ಉದ್ದ ಹೇಳುವ ಆರ್‌ಡಿಡಬ್ಲ್ಯೂನ 4 ಬೈಟು ಸೇರಿಸಿ 25 ಅಂತ ಕೊಡಬೇಕು. ಇದನ್ನು ಮರೆತರೆ ಒಳ್ಳೆಯ ರೆಕಾರ್ಡ್‌ಗಳೂ ಕೆಟ್ಟವಾಗಿ ಕಾಣುತ್ತವೆ.

ನಮಗೆ ಸಿಕ್ಕಿದ್ದು ಮೂರೇ ರೆಕಾರ್ಡ್. ಐಎಸ್‌ಪಿಎಫ್ (ಮೇನ್‌ಫ್ರೇಮ್‌ನ ಕೆಲಸದ ಪರದೆ) ವ್ಯೂನಲ್ಲಿ ಹೆಕ್ಸ್ ಆನ್ ಮಾಡಿ ಅಲ್ಲಿಗೆ ಹೋದೆವು. ಸರಿಯಾದ ರೆಕಾರ್ಡಿನಲ್ಲಿ 1,234.56 ಹೀಗೆ ಕಾಣುತ್ತದೆ: ಮೇಲಿನ ಸಾಲಿನಲ್ಲಿ 00246, ಕೆಳಗಿನ ಸಾಲಿನಲ್ಲಿ 0135ಸಿ. ಮೇಲೆ ಕೆಳಗೆ ಜೋಡಿಸಿ ಓದಬೇಕು. ಕೊನೆಯ ಸಿ ಪ್ಲಸ್ ಚಿಹ್ನೆ. ಮೈನಸ್ಸಿಗೆ ಡಿ, ಚಿಹ್ನೆ ಇಲ್ಲದ್ದಕ್ಕೆ ಎಫ್. ಕೆಟ್ಟದ್ದರಲ್ಲಿ ಮೇಲೆ 44444, ಕೆಳಗೆ 00000 ಇತ್ತು. ಅಂದರೆ ಮೇನ್‌ಫ್ರೇಮ್‌ನ ಅಕ್ಷರ ಕೋಡ್ ಎಬ್ಸಿಡಿಕ್‌ನ ಸ್ಪೇಸ್, 40. ಚಿಹ್ನೆ ಇರಬೇಕಾದ ಕಡೆ ಸೊನ್ನೆ, ಅದಕ್ಕೇ ಸಾಕ್ ಸೆವೆನ್.

ಈ ಹೆಕ್ಸ್ ಓದುವುದನ್ನು ಕಲಿತರೆ ಅರ್ಧ ಕೆಲಸ ಮುಗಿಯಿತು. ಬರೀ 40 ಇದ್ದರೆ ಯಾರೋ ಇಡೀ ರೆಕಾರ್ಡಿಗೆ ಸ್ಪೇಸ್ ಮೂವ್ ಮಾಡಿ ಆ ಫೀಲ್ಡ್ ತುಂಬಲು ಮರೆತಿದ್ದಾರೆ, ಇಲ್ಲವೇ ಅದು ಫೈಲಿನ ಕೊನೆಯ ಟ್ರೇಲರ್ ರೆಕಾರ್ಡ್. ಬರೀ 00 ಅಂದರೆ ಲೋ ವ್ಯಾಲ್ಯೂಸ್. ಮೇಲಿನ ಸಾಲು ಪೂರ್ತಿ ಎಫ್ ಆಗಿದ್ದರೆ ಪ್ಯಾಕ್ಡ್ ಜಾಗದಲ್ಲಿ ಝೋನ್ಡ್ (ಬೈಟಿಗೆ ಒಂದೇ) ಅಂಕಿ ಕೂತಿದೆ, ಲೇಔಟ್ ಬದಲಾಗಿದೆಯಾ ವಿಚಾರಿಸಿ. ಫೈಲ್ ಪೂರ್ತಿ ಹದಗೆಟ್ಟಿದ್ದರೆ ಎಫ್‌ಟಿಪಿಯಲ್ಲಿ ಬೈನರಿ ಬದಲು ಟೆಕ್ಸ್ಟ್ ಮೋಡ್‌ನಲ್ಲಿ ಬಂದಿರುವ ಸಾಧ್ಯತೆ ಜಾಸ್ತಿ. ಅದನ್ನು ರಿಪೇರಿ ಮಾಡಲು ಕೂರಬೇಡಿ, ಮತ್ತೆ ಕಳಿಸಲು ಹೇಳಿ.

ಹುಡುಗ ಕೇಳಿದ: "ಸೊನ್ನೆ ಹಾಕಿ ಓಡಿಸಿಬಿಡೋಣ್ವಾ ಮೇಡಂ?" ಬೇಡ. ಅದು ಯಾರದೋ ಪ್ರೀಮಿಯಂ ಹಣ. ಸೊನ್ನೆಯೋ ಸಾವಿರವೋ ಹೇಳಬೇಕಾದ್ದು ಆ ಡೇಟಾದ ಮಾಲೀಕರು. ನಾವು ಬೇರ್ಪಡಿಸಿದೆವು. ಸಾರ್ಟ್ ಕಾಪಿಯಲ್ಲಿ ಎರಡು ಔಟ್‌ಫಿಲ್ (ಹೊರಬರುವ ಫೈಲಿಗೆ ಕೊಡುವ ಆದೇಶ): ಮೊದಲನೆಯದರಲ್ಲಿ ಇನ್‌ಕ್ಲೂಡ್, 21, 5, ಪಿಡಿ, ಇಕ್ಯೂ, ನಮ್ (NUM, ಇರುವುದು ಸರಿಯಾದ ಅಂಕಿಯೇ ಎಂಬ ಪರೀಕ್ಷೆ). ಎರಡನೆಯದರಲ್ಲಿ ಸೇವ್. ನಮ್ ಪರೀಕ್ಷೆ ಪಾಸಾದವು ಒಂದು ಫೈಲಿಗೆ, ಉಳಿದವು ಇನ್ನೊಂದಕ್ಕೆ.

ಆಮೇಲೆ ಕೆಎಸ್‌ಡಿಎಸ್‌ಗೆ ಮತ್ತೆ ರೆಪ್ರೊ. ಇಲ್ಲೊಂದು ಎಚ್ಚರ: ಡೂಪ್ಲಿಕೇಟ್ ಕೀ, ಕ್ರಮ ತಪ್ಪಿದ ಕೀ ಥರದ ತಪ್ಪು ನಾಲ್ಕಾದರೆ ರೆಪ್ರೊ ನಿಲ್ಲಿಸಿಬಿಡುತ್ತದೆ. ಎರರ್‌ಲಿಮಿಟ್ ಏರಿಸಿ ದಾಟಿಸಬಹುದು, ಆದರೆ ನನಗದು ಇಷ್ಟವಿಲ್ಲ. ಬಿಟ್ಟುಹೋದ ರೆಕಾರ್ಡ್‌ಗಳನ್ನು ಆಮೇಲೆ ಸ್ಪೂಲ್‌ನಲ್ಲಿ (ಜಾಬ್‌ನ ಔಟ್‌ಪುಟ್ ಇರುವ ಕಡೆ) ಹುಡುಕುವವರು ಯಾರು?

ರೀಸ್ಟಾರ್ಟ್‌ಗೆ ಮೊದಲು ಒಳ್ಳೆಯದು, ಕೆಟ್ಟದ್ದು ಎರಡರ ಎಣಿಕೆ ಕೂಡಿಸಿ, ಒಳಗೆ ಬಂದ ಎಣಿಕೆಗೆ ತಾಳೆ ನೋಡಿದೆವು. ಮೂರು ರೆಕಾರ್ಡ್‌ಗಳ ಹೆಕ್ಸ್ ಚಿತ್ರ ಅಂಟಿಸಿ ಫೈಲ್ ಕಳಿಸುವ ಅಪ್‌ಸ್ಟ್ರೀಮ್ ತಂಡಕ್ಕೆ ಮೇಲ್ ಹಾಕಿದೆ. ಮಾರನೇ ದಿನ ಉತ್ತರ ಬಂತು: ಹೊಸ ಪಾಲಿಸಿ ವಿಧವೊಂದಕ್ಕೆ ಮೊತ್ತ ತುಂಬುವ ಸಾಲೇ ಪ್ರೋಗ್ರಾಮ್‌ನಲ್ಲಿ ಇರಲಿಲ್ಲವಂತೆ. ಸರಿಯಾದ ಮೂರು ಮೊತ್ತಗಳೂ ಅದೇ ಮೇಲ್‌ನಲ್ಲಿದ್ದವು. ಒಂದೂ ಸೊನ್ನೆಯಲ್ಲ.