ಪಂಪ್ ಇಲ್ಲದ ಕಾರಿನ ರೇಡಿಯೇಟರ್: ನಾನು ಹೋಲಿಸಿ ನೋಡಿದ್ದು ಹೀಗೆ

ನನ್ನ ಹಳೇ ಕಾಲದ ಫೋರ್ಡ್ ಮಾಡೆಲ್ ಟಿ ಕಾರಿಗೆ ಕೂರುವ ಎರಡು ರೇಡಿಯೇಟರ್ (ಎಂಜಿನ್ನಿನ ನೀರನ್ನು ತಣಿಸುವ ಭಾಗ) ನನ್ನ ಹತ್ತಿರ ಇದ್ದವು. ಯಾವುದನ್ನು ಕೂರಿಸುವುದು ಎಂದು ತಿಳಿಯಬೇಕಿತ್ತು. ಒಂದರಲ್ಲಿ ದುಂಡು ಟ್ಯೂಬುಗಳು, ಅವುಗಳಿಗೆ ಅಡ್ಡಲಾಗಿ ಫಿನ್‌ಗಳು, ಅಂದರೆ ತೆಳು ಲೋಹದ ಹಾಳೆಗಳು. ಇನ್ನೊಂದಕ್ಕೆ ಹಿಂದೆ ಯಾರೋ ಜೇನುಗೂಡಿನಂಥ ಕೋರ್ (ನೀರು ತಣಿಯುವ ಒಳಭಾಗ) ಹಾಕಿಸಿದ್ದರು. ಈ ಜೇನುಗೂಡು ಜರ್ಮನ್ ಎಂಜಿನಿಯರ್ ವಿಲ್ಹೆಲ್ಮ್ ಮೇಬಾಕ್ ತಂದ ವಿನ್ಯಾಸ. 1900ರ ಮರ್ಸಿಡಿಸ್ 35 ಎಚ್‌ಪಿ ಕಾರಿಗೆ ಅವರು 6 ಮಿ.ಮೀ. ಚೌಕದ 8,070 ಕೊಳವೆಗಳನ್ನು ಜೋಡಿಸಿದ್ದರು. ಕೊಳವೆಯೊಳಗೆ ಗಾಳಿ, ಅವುಗಳ ನಡುವಿನ ಸಂದಿಯಲ್ಲಿ ನೀರು. ನಿಜಕ್ಕೂ ಅದ್ಭುತ ಕೆಲಸ.

ಮೊದಲು ಪಂಪ್ ಇಟ್ಟು ಪರೀಕ್ಷಿಸಿದೆ. ಡ್ರಮ್ಮಿನಲ್ಲಿ ನೀರು ಕಾಯಿಸಿ ರೇಡಿಯೇಟರ್ ಮೂಲಕ ಹರಿಸಿದೆ. ಎರಡಕ್ಕೂ ಅದೇ ಫ್ಯಾನ್, ಅಷ್ಟೇ ದೂರ. ಗಾಳಿ ಪಕ್ಕದಿಂದ ನುಸುಳದಂತೆ ಸುತ್ತ ಪ್ಲೈವುಡ್ ಚೌಕಟ್ಟು. ನೀರು ಒಳಗೆ ಹೋಗುವಲ್ಲಿ, ಹೊರಗೆ ಬರುವಲ್ಲಿ, ಕೋರಿನ ಮುಂದಿನ ಗಾಳಿಯಲ್ಲಿ ಒಂದೊಂದು ಥರ್ಮಾಮೀಟರ್. ಹರಿವನ್ನು ಬಕೆಟ್ ಮತ್ತು ಗಡಿಯಾರದಿಂದ ಅಳೆದೆ. ನಿಮಿಷಕ್ಕೆ 10 ಲೀಟರ್ ನೀರು 20 ಡಿಗ್ರಿ ಇಳಿದರೆ ಸುಮಾರು 14 ಕಿಲೋವಾಟ್ ಶಾಖ ಹೊರಗೆ ಹೋಯಿತು ಎಂದರ್ಥ. ಅದನ್ನು ಒಳಬರುವ ನೀರಿಗೂ ಗಾಳಿಗೂ ಇರುವ ಉಷ್ಣತೆಯ ಅಂತರದಿಂದ ಭಾಗಿಸಿದೆ. ಹಾಗೆ ಮಾಡದಿದ್ದರೆ ಬೆಳಗಿನ ಲೆಕ್ಕವನ್ನು ಮಧ್ಯಾಹ್ನದ್ದಕ್ಕೆ ಹೋಲಿಸಲು ಬರುವುದಿಲ್ಲ.

ಇಲ್ಲಿ ಜೇನುಗೂಡೇ ಮುಂದಿತ್ತು. ಆದರೆ ಇಷ್ಟಕ್ಕೇ ತೀರ್ಪು ಕೊಡುವಂತಿಲ್ಲ. ಮಾಡೆಲ್ ಟಿಯಲ್ಲಿ ಮೊದಲ ಸುಮಾರು 2,500 ಕಾರುಗಳನ್ನು ಬಿಟ್ಟರೆ ನೀರಿನ ಪಂಪೇ ಇಲ್ಲ. ಬಿಸಿ ನೀರು ಹಗುರವಾಗಿ ಮೇಲೇರುತ್ತದೆ, ತಣಿದದ್ದು ಕೆಳಗಿಳಿಯುತ್ತದೆ. ಈ ಥರ್ಮೋಸೈಫನ್‌ನ ಒತ್ತಡ ತುಂಬಾ ಕಡಿಮೆ. ಸಂದಿ ಕಿರಿದಾಗಿ ಒಳಗೆ ಗಸಿ ಕೂತಿದ್ದರೆ ನೀರು ಅಲ್ಲೇ ತೆವಳುತ್ತದೆ.

ಹಾಗಾಗಿ ಪಂಪ್ ತೆಗೆದೆ. ಮುಚ್ಚಿದ ಡ್ರಮ್ಮನ್ನು ಎಂಜಿನ್ ಇರುವ ಎತ್ತರದಲ್ಲಿ ಇಟ್ಟು, ಕಾರಿನಲ್ಲಿರುವಂತೆಯೇ ಮೇಲೆ ಕೆಳಗೆ ಹೋಸ್ ಜೋಡಿಸಿದೆ. ಶಾಖ ಡ್ರಮ್ಮಿನಿಂದಲೇ ಸೋರಿಹೋಗದಂತೆ ಗ್ಲಾಸ್‌ವೂಲ್ ಸುತ್ತಿದೆ. ಒಳಗೆ ನೀರು ಕಾಯಿಸಲು ತಲಾ 3 ಕಿಲೋವಾಟ್‌ನ ಎರಡು ಕಾಯಿಲ್. ನೀರಿನ ಮಟ್ಟ ಮೇಲಿನ ಹೋಸಿನ ಬಾಯಿಗಿಂತ ಮೇಲಿರಲೇಬೇಕು, ಇಲ್ಲದಿದ್ದರೆ ಹರಿವೇ ನಿಲ್ಲುತ್ತದೆ. ಥರ್ಮಾಮೀಟರ್‌ಗಳು ಒಂದೇ ಕಡೆ ನಿಲ್ಲುವವರೆಗೂ ಕಾದು ಓದಿಕೊಂಡೆ.

ಈ ವಿಧಾನ ನನಗೆ ತುಂಬಾ ಇಷ್ಟ. ಕೊಟ್ಟ ಶಾಖ ಎಷ್ಟೆಂದು ಗೊತ್ತಿರುವುದರಿಂದ ಹರಿವು ತಾನಾಗಿಯೇ ಲೆಕ್ಕಕ್ಕೆ ಸಿಗುತ್ತದೆ. 6 ಕಿಲೋವಾಟ್‌ಗೆ ನೀರು 15 ಡಿಗ್ರಿ ಇಳಿದರೆ ನಿಮಿಷಕ್ಕೆ ಸುಮಾರು 5.7 ಲೀಟರ್ ಹರಿಯುತ್ತಿದೆ. 25 ಡಿಗ್ರಿ ಇಳಿದರೆ ಬರೀ 3.4 ಲೀಟರ್. ಕೆಳಗಿನ ಹೋಸ್ ಮುಟ್ಟಿ, ತಣ್ಣಗಿದೆ, ರೇಡಿಯೇಟರ್ ಚೆನ್ನಾಗಿದೆ ಅನ್ನುವವರು ಜಾಸ್ತಿ ಅಲ್ವಾ? ಎಷ್ಟೋ ಸಲ ಅದು ನೀರು ಹರಿಯುತ್ತಿಲ್ಲ ಎನ್ನುವ ಸೂಚನೆ. ನೋಡಬೇಕಾದದ್ದು ಮೇಲಿನ ನೀರು ಎಷ್ಟು ಬಿಸಿಯಲ್ಲಿ ನಿಲ್ಲುತ್ತದೆ ಎಂಬುದನ್ನು. ಮಾಡೆಲ್ ಟಿಯ ಮುಚ್ಚಳಕ್ಕೆ ಒತ್ತಡ ಹಿಡಿಯುವ ವ್ಯವಸ್ಥೆ ಇಲ್ಲ. ಬೆಂಗಳೂರಿನ ಎತ್ತರದಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಇಲ್ಲಿ ಒಂದೊಂದು ಡಿಗ್ರಿಗೂ ಬೆಲೆ ಇದೆ.

ಪಂಪ್ ಇಲ್ಲದ ಪರೀಕ್ಷೆಯಲ್ಲಿ ದುಂಡು ಟ್ಯೂಬಿನದೇ ತಂಪಾಗಿ ನಿಂತಿತು. ಗಾಡಿಗೆ ಅದನ್ನೇ ಕೂರಿಸಿದ್ದೇನೆ. ಜೇನುಗೂಡಿನ ಗಸಿ ಪೂರ್ತಿ ತೆಗೆಸಿ ಅದೇ ಡ್ರಮ್ಮಿಗೆ ಮತ್ತೆ ಜೋಡಿಸಬೇಕು. ಆಮೇಲೆ ಬರುವ ಅಂಕಿಗಳಿಂದಲೇ ಅದಕ್ಕೆ ನ್ಯಾಯ ಸಿಗುವುದು.